ಹಿಂಚಕ್ರ ನೆಲ ಬಿಟ್ಟಾಗ

ಭಾನುವಾರ ಬೆಳಿಗ್ಗೆ ಅಂಗಳದಲ್ಲಿ ಬೈಕು ತೊಳೆಯಲು ಹೊರಟವರು ಮೊದಲು ಮಾಡುವ ಕೆಲಸ ಡಬಲ್ ಸ್ಟ್ಯಾಂಡ್ ಹಾಕುವುದು. ಸ್ಟ್ಯಾಂಡಿನ ಮೇಲೆ ಕಾಲಿಟ್ಟು ಮೈಭಾರ ಹಾಕಿ, ಕೈಯಿಂದ ಹಿಂದಿನ ಹಿಡಿಯನ್ನು ಎಳೆದರೆ ಗಾಡಿ ಸನ್ನೆಯಂತೆ ಹಿಂದಕ್ಕೆ ಸರಿದು ಮೇಲೇಳುತ್ತದೆ, ಹಿಂಚಕ್ರ ನೆಲ ಬಿಡುತ್ತದೆ. ಆ ಗಳಿಗೆಯಲ್ಲಿ ಸ್ವಲ್ಪ ಬಗ್ಗಿ ನೋಡಿ. ಸೀಟು ಎದ್ದಷ್ಟು ಚಕ್ರ ಏಳುವುದಿಲ್ಲ. ಸೀಟು ಮೇಲೆ ಹೋಗುತ್ತಿದ್ದರೂ ಚಕ್ರ ತುಸು ಹೊತ್ತು ನೆಲಕ್ಕೇ ಅಂಟಿಕೊಂಡಿದ್ದು ಬಳಿಕ ಏಳುತ್ತದೆ. ಅದುವರೆಗೆ ಗಾಡಿಯ ಭಾರದಿಂದ ಕುಗ್ಗಿದ್ದ ಸ್ಪ್ರಿಂಗುಗಳು ಆ ಹೊತ್ತಿನಲ್ಲಿ ಹಿಗ್ಗುತ್ತಿರುತ್ತವೆ.

ಹಾಗೆ ಹಿಗ್ಗಿದ್ದು ಎಷ್ಟು? ಸಸ್ಪೆನ್ಷನ್ ಹೊಂದಿಸುವ ಕೆಲಸಕ್ಕೆ ಇದೇ ಮೊದಲ ಅಳತೆ. ಚಕ್ರವನ್ನು ಎತ್ತದೆ ಈ ಅಳತೆ ಸಿಗದು. ತಕ್ಕಡಿಯಲ್ಲಿ ಏನನ್ನಾದರೂ ತೂಗುವ ಮೊದಲು ಮುಳ್ಳು ಸೊನ್ನೆಯಲ್ಲಿದೆಯೇ ಎಂದು ನೋಡುತ್ತೇವಲ್ಲ, ಹಾಗೆಯೇ ಇದು. ಆದರೆ ಮೋಟಾರ್ ಸೈಕಲ್ಲಿನ ಇತಿಹಾಸದಲ್ಲಿ ಬಹುಕಾಲ ಈ ಪ್ರಶ್ನೆಯೇ ಹುಟ್ಟಿರಲಿಲ್ಲ. ಹಿಂಚಕ್ರಕ್ಕೆ ಸ್ಪ್ರಿಂಗೇ ಇಲ್ಲದಿದ್ದಾಗ ಹಿಗ್ಗುವ ಮಾತೆಲ್ಲಿ?

ಗಾಳಿಯೊಂದೇ ಸ್ಪ್ರಿಂಗು

1885ರಲ್ಲಿ ಜರ್ಮನಿಯ ಗಾಟ್‌ಲೀಬ್ ಡೈಮ್ಲರ್ ಮತ್ತು ವಿಲ್‌ಹೆಲ್ಮ್ ಮೇಬಾಕ್ ತಮ್ಮ ಎಂಜಿನ್ನನ್ನು ಪರೀಕ್ಷಿಸಲು ಎರಡು ಚಕ್ರದ ಗಾಡಿಯೊಂದನ್ನು ಕಟ್ಟಿದರು. ಅದರ ಚೌಕಟ್ಟು ಮರದ್ದು, ಚಕ್ರಗಳೂ ಮರದವು. ಎತ್ತಿನ ಗಾಡಿಯ ಚಕ್ರಕ್ಕಿದ್ದಂತೆ ಅವಕ್ಕೂ ಕಬ್ಬಿಣದ ಪಟ್ಟಿ. ಕಲ್ಲು ಹಾಸಿದ ಬೀದಿಯಲ್ಲಿ ಅದರ ಮೇಲೆ ಕುಳಿತವನ ಅವಸ್ಥೆ ಊಹಿಸಬಹುದು. ಮೂರು ವರ್ಷಗಳ ನಂತರ, 1888ರಲ್ಲಿ, ಐರ್ಲೆಂಡಿನ ಬೆಲ್‌ಫಾಸ್ಟ್ ನಗರದ ಪಶುವೈದ್ಯ ಜಾನ್ ಬಾಯ್ಡ್ ಡನ್‌ಲಪ್ ತನ್ನ ಮಗನ ಮೂರು ಚಕ್ರದ ಸೈಕಲ್ಲಿಗಾಗಿ ಗಾಳಿ ತುಂಬಿದ ಟೈರನ್ನು ರೂಪಿಸಿದ. 1894ರಲ್ಲಿ ಮ್ಯೂನಿಕ್‌ನಲ್ಲಿ ತಯಾರಾಗಿ ಮಾರಾಟಕ್ಕೆ ಬಂದ ಹಿಲ್ಡೆಬ್ರಾಂಡ್ ಮತ್ತು ವೋಲ್ಫ್‌ಮುಲ್ಲರ್ ಮೋಟಾರ್ ಸೈಕಲ್ಲಿಗೆ ಇಂಥ ಟೈರುಗಳಿದ್ದವು.

ಮುಂದಿನ ಹಲವು ದಶಕಗಳ ಕಾಲ ಬಹುತೇಕ ಗಾಡಿಗಳ ಹಿಂಚಕ್ರವನ್ನು ನೇರವಾಗಿ ಚೌಕಟ್ಟಿಗೇ ಬಿಗಿದಿರುತ್ತಿದ್ದರು. ಮುಂಚಕ್ರದ ಫೋರ್ಕಿಗೆ ಬೇಗನೆ ಸ್ಪ್ರಿಂಗು ಬಂತು. ಹಿಂದೆ ಮಾತ್ರ ಟೈರಿನ ಗಾಳಿಯೇ ಗತಿ. ಸವಾರನ ಬೆನ್ನಿನ ಪಾಲಿಗೆ ಸೀಟಿನ ಕೆಳಗೆ ಎರಡು ಸುರುಳಿಗಳು.

ಇದರ ಪರಿಣಾಮವನ್ನು ಶಾಲೆಯ ಭೌತವಿಜ್ಞಾನದಿಂದಲೇ ಲೆಕ್ಕ ಹಾಕಬಹುದು. ಸ್ಪ್ರಿಂಗಿನ ಮೇಲೆ ಕುಳಿತ ವಸ್ತು ತನ್ನ ಭಾರದಿಂದ ಸ್ಪ್ರಿಂಗನ್ನು ಎಷ್ಟು ಕುಗ್ಗಿಸುತ್ತದೆಯೋ ಅಷ್ಟು ಉದ್ದದ ಸರಳ ಲೋಲಕದ ಆಂದೋಲನ ಕಾಲವೇ ಆ ವಸ್ತುವಿನ ಆಂದೋಲನ ಕಾಲ. ಗಾಡಿಯ ಭಾರದಿಂದ ಟೈರು ಸುಮಾರು 8 ಮಿ.ಮೀ. ತಗ್ಗುತ್ತದೆ ಎಂದುಕೊಳ್ಳೋಣ. 8 ಮಿ.ಮೀ. ಉದ್ದದ ಲೋಲಕ ಸೆಕೆಂಡಿಗೆ ಸುಮಾರು 5.6 ಬಾರಿ ಆಡುತ್ತದೆ. ಮೇಲೆ ಕೆಳಗೆ ಆಗುವ ಕಂಪನಗಳಲ್ಲಿ ಕುಳಿತ ಮನುಷ್ಯನ ದೇಹಕ್ಕೆ ಹೆಚ್ಚು ಕಾಟ ಕೊಡುವುದು ಸೆಕೆಂಡಿಗೆ 4ರಿಂದ 8ರವರೆಗಿನ ಕಂಪನಗಳೇ. ಅಂದರೆ ಹಳೆಯ ಗಾಡಿ ಸವಾರನ ಬೆನ್ನುಮೂಳೆಗೆ ಎಲ್ಲಿ ನೋವಾಗುತ್ತದೋ ಅಲ್ಲಿಗೇ ಸರಿಯಾಗಿ ಬಡಿಯುತ್ತಿತ್ತು! ಅದೇ ಭಾರಕ್ಕೆ 10 ಸೆ.ಮೀ. ತಗ್ಗುವಂಥ ಮೆತ್ತನೆಯ ಸ್ಪ್ರಿಂಗು ಇದ್ದರೆ ಆಂದೋಲನ ಸೆಕೆಂಡಿಗೆ 1.6ಕ್ಕೆ ಇಳಿಯುತ್ತದೆ. ಅದು ನಡಿಗೆಯ ಲಯಕ್ಕೆ ಹತ್ತಿರ. ದೇಹ ಅದನ್ನು ತಾಳಿಕೊಳ್ಳಬಲ್ಲದು.

ಸೀಟಿನ ಸುರುಳಿಗಳು ಬೆನ್ನನ್ನು ಸ್ವಲ್ಪ ಕಾಪಾಡಿದರೂ ಚಕ್ರವನ್ನು ಕಾಪಾಡಲಿಲ್ಲ. ಚಕ್ರ ಒಂದು ಉಬ್ಬನ್ನು ಹತ್ತಿದರೆ ಗಾಡಿಯ ಹಿಂಭಾಗವೆಲ್ಲ ಅದರೊಂದಿಗೆ ಏಳಬೇಕು. ವೇಗ ಹೆಚ್ಚಿದ್ದರೆ ಚಕ್ರ ನೆಲ ಬಿಟ್ಟು ಹಾರುತ್ತದೆ. ನೆಲ ಬಿಟ್ಟ ಚಕ್ರಕ್ಕೆ ಘರ್ಷಣೆ ಇಲ್ಲ. ಘರ್ಷಣೆ ಇಲ್ಲದಿದ್ದರೆ ಬ್ರೇಕೂ ಇಲ್ಲ, ತಿರುವಿನಲ್ಲಿ ಹಿಡಿತವೂ ಇಲ್ಲ.

ಅಚ್ಚಿಗೆ ಕಟ್ಟಿದ ಸ್ಟ್ಯಾಂಡು

ಆ ಕಾಲದಲ್ಲಿಯೂ ಹಿಂಚಕ್ರವನ್ನು ಎತ್ತುತ್ತಿದ್ದರು, ಆದರೆ ಬೇರೆ ಕಾರಣಗಳಿಗೆ. ಟೈರು ಪಂಕ್ಚರ್ ಆಗುವುದು ಸಾಮಾನ್ಯವಾಗಿತ್ತು. ಕ್ಲಚ್ ಇಲ್ಲದ, ಬೆಲ್ಟಿನಿಂದ ನೇರವಾಗಿ ಓಡುವ ಗಾಡಿಗಳಲ್ಲಿ ಹಿಂಚಕ್ರವನ್ನು ಎತ್ತಿ ನಿಲ್ಲಿಸಿ, ಸೈಕಲ್ಲಿನಂತೆ ಪೆಡಲ್ ತುಳಿದು ಎಂಜಿನ್ ಚಾಲೂ ಮಾಡುವ ಪದ್ಧತಿಯೂ ಇತ್ತು. ಇದಕ್ಕಾಗಿ ಹಿಂಚಕ್ರದ ಅಚ್ಚಿನ ಬಳಿ ಕಬ್ಬಿಣದ ಸ್ಟ್ಯಾಂಡೊಂದನ್ನು ಕೀಲಿನಿಂದ ಜೋಡಿಸಿ, ಬೇಡದಾಗ ಮಡ್‌ಗಾರ್ಡಿಗೆ ಸಿಕ್ಕಿಸಿಡುತ್ತಿದ್ದರು.

ಚಕ್ರ ಮತ್ತು ಚೌಕಟ್ಟು ಒಂದೇ ತುಂಡಿನಂತೆ ಇದ್ದಾಗ ಸ್ಟ್ಯಾಂಡನ್ನು ಎಲ್ಲಿ ಜೋಡಿಸಿದರೂ ಒಂದೇ. ಅವೆರಡರ ನಡುವೆ ಸ್ಪ್ರಿಂಗು ಬಂದ ಮೇಲೆ ಲೆಕ್ಕ ಬದಲಾಯಿತು. ಅಚ್ಚನ್ನು ಎತ್ತಿದರೆ ಗಾಡಿಯ ಭಾರ ಸ್ಪ್ರಿಂಗಿನ ಮೇಲೆಯೇ ಉಳಿಯುತ್ತದೆ, ಚೌಕಟ್ಟನ್ನು ಎತ್ತಿದರೆ ಮಾತ್ರ ಸ್ಪ್ರಿಂಗು ಬಿಡುಗಡೆ ಹೊಂದುತ್ತದೆ. ಈ ವ್ಯತ್ಯಾಸವನ್ನು ನೆನಪಿಡೋಣ. ಕೊನೆಯಲ್ಲಿ ಇದು ಬೇಕಾಗುತ್ತದೆ.

ನಾಲ್ಕು ಸೆಕೆಂಡುಗಳ ತೀರ್ಪು

ಹಿಂಚಕ್ರಕ್ಕೆ ಸ್ಪ್ರಿಂಗು ಕೊಡುವ ಯೋಚನೆ ಯಾರಿಗೂ ಬಂದಿರಲಿಲ್ಲವೆಂದಲ್ಲ. 1913ರಲ್ಲಿಯೇ ಅಮೆರಿಕದ ‘ಇಂಡಿಯನ್’ ಕಂಪನಿ, ಹಿಂಚಕ್ರವನ್ನು ಹೊತ್ತ ಫೋರ್ಕು ಕೀಲಿನ ಮೇಲೆ ಆಡುವಂತೆ ಮಾಡಿ ಪಟ್ಟಿ ಸ್ಪ್ರಿಂಗುಗಳನ್ನು ಜೋಡಿಸಿತು. ಆದರೆ ಈ ವಿನ್ಯಾಸ ಆಗ ಎಲ್ಲೆಡೆ ಹರಡಲಿಲ್ಲ. ಎಂಜಿನಿಯರುಗಳ ಆಕ್ಷೇಪದಲ್ಲಿ ಹುರುಳಿತ್ತು. ಕೀಲು ಇದ್ದ ಕಡೆ ಸವೆತ ಇದ್ದೇ ಇರುತ್ತದೆ. ಕೀಲು ಸವೆದರೆ ಚಕ್ರ ಅಡ್ಡಡ್ಡಲಾಗಿ ಅಲ್ಲಾಡುತ್ತದೆ. ವೇಗದಲ್ಲಿ ಹಾಗೆ ಅಲ್ಲಾಡುವ ಚಕ್ರ, ಕುಲುಕುವ ಚಕ್ರಕ್ಕಿಂತ ಅಪಾಯಕಾರಿ.

1928ರಲ್ಲಿ ಎರಡು ಕಡೆ ಈ ಪ್ರಶ್ನೆಗೆ ಹೊಸ ಉತ್ತರಗಳು ಬಂದವು. ಇಂಗ್ಲೆಂಡಿನಲ್ಲಿ ಫಿಲಿಪ್ ವಿನ್ಸೆಂಟ್ ಎಂಬ ಯುವಕ, ತ್ರಿಕೋನಾಕಾರದ ಹಿಂಬದಿ ಚೌಕಟ್ಟನ್ನು ಕೀಲಿನ ಮೇಲೆ ನಿಲ್ಲಿಸಿ ಸ್ಪ್ರಿಂಗುಗಳನ್ನು ಸೀಟಿನ ಕೆಳಗಿಟ್ಟ. ತ್ರಿಕೋನ ಸುಲಭವಾಗಿ ತಿರುಚಿಕೊಳ್ಳದ ಆಕೃತಿ. ಆಕ್ಷೇಪಕ್ಕೆ ಅದೇ ಉತ್ತರ. ಇಟಲಿಯಲ್ಲಿ ಕಾರ್ಲೋ ಗುಜ್ಜಿ ಮತ್ತು ಆತನ ಸಹೋದರ ಜ್ಯುಸೆಪ್ಪೆ, ಸ್ಪ್ರಿಂಗುಗಳನ್ನು ಎಂಜಿನ್ನಿನ ಕೆಳಗಿನ ಪೆಟ್ಟಿಗೆಯಲ್ಲಿಟ್ಟರು. ನಂಬದವರಿಗೆ ತೋರಿಸಲೆಂದು ಜ್ಯುಸೆಪ್ಪೆ ಆ ಗಾಡಿಯಲ್ಲಿಯೇ ಉತ್ತರ ಧ್ರುವ ವೃತ್ತದವರೆಗೆ ಸವಾರಿ ಮಾಡಿದ. ಅದಕ್ಕೆ ‘ನೋರ್ಜೆ’, ಅಂದರೆ ನಾರ್ವೆ, ಎಂಬ ಹೆಸರು ಬಂತು.

ಆದರೂ ರೇಸಿನವರು ಒಪ್ಪಲಿಲ್ಲ. ಸುಖಸವಾರಿಗೆ ಸರಿ, ಗೆಲ್ಲುವುದಕ್ಕೆ ಬಿಗಿಯಾದ ಚೌಕಟ್ಟೇ ಬೇಕು ಎಂಬುದು ಅವರ ನಂಬಿಕೆ. ಅದು ಅಲುಗಿದ್ದು 1935ರಲ್ಲಿ. ಐಲ್ ಆಫ್ ಮ್ಯಾನ್ ದ್ವೀಪದ ಸೀನಿಯರ್ ಟಿ.ಟಿ. ರೇಸಿನಲ್ಲಿ ಸುಮಾರು 60.7 ಕಿ.ಮೀ. ಉದ್ದದ ಬೆಟ್ಟದ ರಸ್ತೆಯನ್ನು ಏಳು ಸಲ ಸುತ್ತಬೇಕು. ನಾರ್ಟನ್ ಗಾಡಿಯ ಜಿಮ್ಮಿ ಗುತ್ರಿ ಕೊನೆಯ ಸುತ್ತಿನ ಹೊತ್ತಿಗೆ 26 ಸೆಕೆಂಡು ಮುಂದಿದ್ದ. ಹಿಂಚಕ್ರಕ್ಕೆ ಸ್ಪ್ರಿಂಗಿದ್ದ ಮೋಟೊ ಗುಜ್ಜಿಯಲ್ಲಿ ಸ್ಟ್ಯಾನ್ಲಿ ವುಡ್ಸ್ ಬೆನ್ನು ಹತ್ತಿದ್ದ. ಗುಜ್ಜಿ ತಂಡದವರು ಇಂಧನ ತುಂಬಲು ಸಿದ್ಧರಾದಂತೆ ಕಂಡಿತು. ವುಡ್ಸ್ ನಿಂತೇ ನಿಲ್ಲುತ್ತಾನೆ ಎಂದು ನಾರ್ಟನ್ ತಂಡ ಭಾವಿಸಿತು. ಆತ ನಿಲ್ಲದೆ ಹೊರಟೇ ಹೋದ! ದೂರದಲ್ಲಿದ್ದ ಗುತ್ರಿಗೆ ಎಚ್ಚರಿಕೆ ತಲುಪಿಸಲು ಸಮಯ ಉಳಿದಿರಲಿಲ್ಲ. ಮೂರು ಗಂಟೆಗೂ ಮಿಕ್ಕಿದ, ಸುಮಾರು 425 ಕಿ.ಮೀ. ದೂರದ ಓಟದಲ್ಲಿ ವುಡ್ಸ್ ಗೆದ್ದದ್ದು ಕೇವಲ 4 ಸೆಕೆಂಡುಗಳಿಂದ.

ಗೆಲುವಿನಲ್ಲಿ ಸವಾರನ ಜಾಣತನದ ಪಾಲು ದೊಡ್ಡದು. ಆದರೆ ಸ್ಪ್ರಿಂಗಿದ್ದ ಗಾಡಿ ಓಟದಲ್ಲಿ ಹಿಂದೆ ಬೀಳುತ್ತದೆ ಎಂಬ ಮಾತು ಅಂದಿಗೆ ಸುಳ್ಳಾಯಿತು.

ನೇರ ಜಾರುವ ಅಚ್ಚು, ತೂಗಾಡುವ ತೋಳು

ಮುಂದಿನ ಪ್ರಶ್ನೆ, ಚಕ್ರ ಯಾವ ದಾರಿಯಲ್ಲಿ ಚಲಿಸಬೇಕು ಎಂಬುದು. ಒಂದು ಉಪಾಯ ‘ಪ್ಲಂಜರ್’. ಅಚ್ಚಿನ ಎರಡೂ ತುದಿಗಳು ನೆಟ್ಟಗಿನ ಕೊಳವೆಗಳ ಗುಂಟ ಮೇಲೆ ಕೆಳಗೆ ಜಾರುತ್ತವೆ, ಕೊಳವೆಗಳಲ್ಲಿ ಸ್ಪ್ರಿಂಗು ಇರುತ್ತದೆ. 1938ರ ಬಿ.ಎಂ.ಡಬ್ಲ್ಯು. ಆರ್ 51ರಲ್ಲಿ ಇದನ್ನು ಕಾಣಬಹುದು. ಹಳೆಯ ಚೌಕಟ್ಟನ್ನು ಹೆಚ್ಚು ಬದಲಿಸಬೇಕಿಲ್ಲ ಎಂಬುದು ಇದರ ಅನುಕೂಲ. ಆದರೆ ಚಲನೆ ಕಡಿಮೆ. ಎರಡು ಬದಿಗಳು ಹೆಚ್ಚುಕಡಿಮೆ ಕುಗ್ಗಿದರೆ ಚಕ್ರ ಓರೆಯಾಗುತ್ತದೆ. ಚೈನಿನ ಬಿಗಿಯೂ ಏರುಪೇರಾಗುತ್ತದೆ.

ಎರಡನೆಯ ಮಹಾಯುದ್ಧದ ನಂತರ ಇಂಗ್ಲೆಂಡಿನ ಟ್ರಯಂಫ್ ಕಂಪನಿ ಚಕ್ರದ ಹಬ್ಬಿನೊಳಗೇ ಸ್ಪ್ರಿಂಗುಗಳನ್ನು ಅಡಗಿಸಿತು. ಅವು ಎಷ್ಟು ಬಿಗಿಯಾಗಿ ಅದುಮಿ ಕುಳಿತಿದ್ದವೆಂದರೆ, ತಕ್ಕ ಸಲಕರಣೆ ಇಲ್ಲದೆ ಹಬ್ಬನ್ನು ಬಿಚ್ಚಬಾರದೆಂಬ ಎಚ್ಚರಿಕೆಯನ್ನು ಅದರ ಮೇಲೆಯೇ ಕೆತ್ತಿರುತ್ತಿದ್ದರು. ಅದುಮಿದ ಸ್ಪ್ರಿಂಗಿನಲ್ಲಿ ಶಕ್ತಿ ಸಂಗ್ರಹವಾಗಿರುತ್ತದೆ ಎಂಬ ಪಾಠ ಮನೆಯಲ್ಲಿ ರಿಪೇರಿ ಮಾಡುವವರಿಗೆ ಇಂದಿಗೂ ಅನ್ವಯ.

ಕೊನೆಗೆ ನಿಂತದ್ದು ‘ಸ್ವಿಂಗ್ ಆರ್ಮ್’, ಅಂದರೆ ಎಂಜಿನ್ನಿನ ಹಿಂದೆ ಕೀಲಿಗೆ ಜೋಡಿಸಿದ, ತೂಗಾಡುವ ತೋಳು. 1939ರ ವೆಲೊಸೆಟ್ ರೇಸ್ ಗಾಡಿಯಲ್ಲಿ ಈ ತೋಳಿಗೆ, ವಿಮಾನಗಳ ಇಳಿಗಾಲಿಗೆ ಆಘಾತ ತಡೆಯುವ ಸಾಧನ ತಯಾರಿಸುತ್ತಿದ್ದ ಡೌಟಿ ಕಂಪನಿಯ ಗಾಳಿ ಮತ್ತು ಎಣ್ಣೆಯ ಷಾಕ್ ಅಬ್ಸಾರ್ಬರ್‌ಗಳಿದ್ದವು. ಎಣ್ಣೆಯ ಕೆಲಸ ಮುಖ್ಯವಾದದ್ದು. ಸ್ಪ್ರಿಂಗು ಶಕ್ತಿಯನ್ನು ಪಡೆದು ಹಿಂತಿರುಗಿಸುತ್ತದೆ ಅಷ್ಟೇ. ಅದೊಂದೇ ಇದ್ದರೆ ಗಾಡಿ ಒಂದು ಗುಂಡಿಗೆ ಹತ್ತು ಸಲ ಕುಣಿಯುತ್ತದೆ. ಸಣ್ಣ ರಂಧ್ರಗಳ ಮೂಲಕ ಎಣ್ಣೆ ನುಗ್ಗುವಾಗ ಆ ಶಕ್ತಿ ಶಾಖವಾಗಿ ಕಳೆದುಹೋಗುತ್ತದೆ. ಇದೇ ಅವಮಂದನ.

ಡನ್‌ಲಪ್ ಟೈರು ಹುಟ್ಟಿದ ಬೆಲ್‌ಫಾಸ್ಟಿನಲ್ಲಿಯೇ 1940ರ ದಶಕದಲ್ಲಿ ರೆಕ್ಸ್ ಮೆಕ್‌ಕ್ಯಾಂಡ್‌ಲೆಸ್ ಎಂಬಾತ, ಸಿಟ್ರೊಯೆನ್ ಕಾರಿನ ಷಾಕ್ ಅಬ್ಸಾರ್ಬರ್‌ಗಳನ್ನು ನೆಟ್ಟಗೆ ನಿಲ್ಲಿಸಿ ಸ್ವಂತಕ್ಕೊಂದು ಗಾಡಿ ಕಟ್ಟಿಕೊಂಡ. ಅದರಿಂದ ಬೆಳೆದ ಚೌಕಟ್ಟನ್ನು ನಾರ್ಟನ್ ಕಂಪನಿ 1950ರಲ್ಲಿ ರೇಸಿಗೆ ಇಳಿಸಿತು. ಆ ವರ್ಷದ ಸೀನಿಯರ್ ಟಿ.ಟಿ.ಯನ್ನು ಜೆಫ್ ಡ್ಯೂಕ್ ಗೆದ್ದ. ಅದರ ಮೇಲೆ ಕುಳಿತರೆ ಗರಿಯ ಹಾಸಿಗೆಯಲ್ಲಿ ಕುಳಿತಂತೆ ಎಂದು ಸವಾರ ಹೆರಾಲ್ಡ್ ಡೇನಿಯಲ್ ಹೇಳಿದ್ದರಿಂದ ‘ಫೆದರ್‌ಬೆಡ್’ ಎಂಬ ಹೆಸರು ನಿಂತಿತು. ಹದಿನೈದು ವರ್ಷಗಳ ಹಿಂದೆ ಸ್ಪ್ರಿಂಗಿದ್ದ ಗಾಡಿಗೆ ಸೋತ ಕಂಪನಿಯೇ ಈಗ ಅದರ ಮಾದರಿಯಾಯಿತು.

ಮದರಾಸು ಮತ್ತು ಮೈಸೂರು

ಈ ಇತಿಹಾಸದ ಎರಡು ಕವಲುಗಳು ನಮ್ಮ ರಸ್ತೆಗಳಿಗೂ ಬಂದಿವೆ. 1948ರಲ್ಲಿ ರಾಯಲ್ ಎನ್‌ಫೀಲ್ಡ್ ಕಂಪನಿಯ ಹೊಸ 350 ಸಿ.ಸಿ. ಬುಲೆಟ್ ತೂಗಾಡುವ ತೋಳಿನೊಂದಿಗೆ ಕಾಣಿಸಿಕೊಂಡಿತು. ಕೆಸರು ಕಲ್ಲಿನ ಹಾದಿಯ ಸ್ಪರ್ಧೆಗಳಿಗೆ ಸ್ಪ್ರಿಂಗಿಲ್ಲದ ಹಿಂಚಕ್ರವೇ ಚೆನ್ನಾಗಿ ನೆಲ ಕಚ್ಚುತ್ತದೆ ಎಂದು ಆಗ ನಂಬಿದ್ದರು. ಅದೇ ವರ್ಷ ಇಟಲಿಯ ಸ್ಯಾನ್ ರೆಮೊದಲ್ಲಿ ನಡೆದ ಅಂತರರಾಷ್ಟ್ರೀಯ ಆರು ದಿನಗಳ ಸ್ಪರ್ಧೆಯಲ್ಲಿ ಬುಲೆಟ್ ಸವಾರರಿಬ್ಬರು ಚಿನ್ನದ ಪದಕ ಪಡೆದರು. 1955ರಲ್ಲಿ ಮದರಾಸಿನಲ್ಲಿ ಎನ್‌ಫೀಲ್ಡ್ ಇಂಡಿಯಾ ಸ್ಥಾಪನೆಯಾಗಿ ಬುಲೆಟ್ ನಮ್ಮದೇ ಆಯಿತು.

ಇನ್ನೊಂದು ಕವಲು ಚೆಕೊಸ್ಲೊವಾಕಿಯದ್ದು. ಜರ್ಮನ್ನರ ಆಕ್ರಮಣದ ದಿನಗಳಲ್ಲಿ ಜಾವಾ ಕಂಪನಿಯ ಎಂಜಿನಿಯರುಗಳು ಗುಟ್ಟಾಗಿ ರೂಪಿಸಿದ 250 ಸಿ.ಸಿ. ಗಾಡಿ 1946ರಲ್ಲಿ ಹೊರಬಂತು. ಅದಕ್ಕೆ ಪ್ಲಂಜರ್ ಸಸ್ಪೆನ್ಷನ್ ಇತ್ತು. ಜನ ಅದನ್ನು ‘ಪೆರಾಕ್’ ಎಂದರು. ಕಾಲಿಗೆ ಸ್ಪ್ರಿಂಗು ಕಟ್ಟಿಕೊಂಡು ಗೋಡೆಗಳನ್ನು ಹಾರಿ ಜರ್ಮನ್ನರಿಂದ ತಪ್ಪಿಸಿಕೊಳ್ಳುವ, ಪ್ರಾಗ್ ನಗರದ ಕಟ್ಟುಕತೆಯ ‘ಸ್ಪ್ರಿಂಗ್ ಮನುಷ್ಯ’ನ ಹೆಸರು ಅದು! 1954ರ ಮಾದರಿಯಲ್ಲಿ ಪ್ಲಂಜರ್ ಹೋಗಿ ತೂಗಾಡುವ ತೋಳು ಬಂತು. ಆ ಜಾವಾವೇ 1961ರಿಂದ ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ತಯಾರಾಗತೊಡಗಿತು. ಮುಂದೆ ಅದು ‘ಯೆಜ್ಡಿ’ ಆಯಿತು. 1996ರಲ್ಲಿ ಕಾರ್ಖಾನೆ ಮುಚ್ಚಿತು. ಆದರೂ ಷಾಕ್ ಅಬ್ಸಾರ್ಬರ್ ಬಿಚ್ಚಿ ಜೋಡಿಸುವುದನ್ನು ಯೆಜ್ಡಿಯ ಮೇಲೆಯೇ ಕಲಿತ ಮೆಕ್ಯಾನಿಕ್‌ಗಳು ಈ ನಾಡಿನಲ್ಲಿ ಬಹಳ ಮಂದಿ.

ಒಂದೇ ಷಾಕ್, ಉದ್ದ ಚಲನೆ

1970ರ ದಶಕದ ಆರಂಭದಲ್ಲಿ ಬೆಲ್ಜಿಯಮ್ಮಿನ ಎಂಜಿನಿಯರ್ ಲೂಸಿಯನ್ ಟಿಲ್‌ಕೆನ್ಸ್, ಎರಡು ಬದಿಯ ಷಾಕ್‌ಗಳ ಬದಲು ಉದ್ದನೆಯ ಒಂದೇ ಷಾಕನ್ನು ಟ್ಯಾಂಕಿನ ಕೆಳಗೆ ಮಲಗಿಸಿದ. ತ್ರಿಕೋನದ ತೋಳು, ಸೀಟಿನ ಕೆಳಗೆ ಸ್ಪ್ರಿಂಗು: ವಿನ್ಸೆಂಟನ ಹಳೆಯ ಯೋಚನೆಗೆ ಇದು ಹೊಸ ರೂಪ. ಸುಜುಕಿ ಇದನ್ನು ಒಲ್ಲೆನೆಂದಿತು, ಯಮಹಾ ಹಕ್ಕು ಪಡೆಯಿತು. 1973ರಲ್ಲಿ ಸ್ವೀಡನ್ನಿನ ಹೋಕನ್ ಆಂಡರ್ಸನ್ ಈ ವಿನ್ಯಾಸದ ಯಮಹಾ ಗಾಡಿಯಲ್ಲಿ 250 ಸಿ.ಸಿ. ಮೋಟೊಕ್ರಾಸ್ ವಿಶ್ವ ಪ್ರಶಸ್ತಿ ಗೆದ್ದ. 2008ರಲ್ಲಿ ಭಾರತಕ್ಕೆ ಬಂದ ಯಮಹಾ ಆರ್15 ಮತ್ತು ಎಫ್‌ಜಡ್ ಬೈಕುಗಳ ಒಂಟಿ ಷಾಕ್ ಇದೇ ವಂಶದ್ದು.

ಆ ದಶಕದಲ್ಲಿ ಮೋಟೊಕ್ರಾಸ್ ಗಾಡಿಗಳ ಹಿಂಚಕ್ರದ ಚಲನೆ ಸುಮಾರು 100 ಮಿ.ಮೀ.ನಿಂದ 300 ಮಿ.ಮೀ.ವರೆಗೆ ಬೆಳೆಯಿತು. ಚಲನೆ ಇಷ್ಟು ಉದ್ದವಾದಾಗ, ಸವಾರ ಕುಳಿತ ಕೂಡಲೇ ಗಾಡಿ ಎಷ್ಟು ಇಳಿಯಬೇಕು ಎಂಬುದನ್ನು ಅಂದಾಜಿಗೆ ಬಿಡುವಂತಿರಲಿಲ್ಲ. ಅಳೆಯಲೇಬೇಕಾಯಿತು.

ಬಿಗಿ ಮಾಡಿದರೆ ಗಟ್ಟಿಯಾಗುತ್ತದೆಯೆ?

ಬಹಳಷ್ಟು ಬೈಕುಗಳ ಹಿಂದಿನ ಷಾಕ್‌ನ ಬುಡದಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಕೊರೆದ ಬಳೆಯೊಂದಿರುತ್ತದೆ. ಟೂಲ್ ಕಿಟ್‌ನ ಕೊಕ್ಕೆ ಸ್ಪ್ಯಾನರಿನಿಂದ ಅದನ್ನು ತಿರುಗಿಸಿದರೆ ಸ್ಪ್ರಿಂಗು ಮೊದಲೇ ಸ್ವಲ್ಪ ಅದುಮಿಕೊಳ್ಳುತ್ತದೆ. ಇದು ‘ಪ್ರೀಲೋಡ್’, ಪೂರ್ವಭಾರ. ಇದರಿಂದ ಸ್ಪ್ರಿಂಗು ಗಟ್ಟಿಯಾಗುತ್ತದೆ ಎಂಬುದು ವ್ಯಾಪಕವಾದ ನಂಬಿಕೆ. ಇದನ್ನು ಹುಕ್‌ನ ನಿಯಮದಿಂದ ಪರೀಕ್ಷಿಸೋಣ.

1 ಮಿ.ಮೀ. ಕುಗ್ಗಲು 20 ನ್ಯೂಟನ್ ಬಲ ಬೇಕಾದ ಸ್ಪ್ರಿಂಗೊಂದಿದೆ ಎನ್ನಿ. 600 ನ್ಯೂಟನ್ ಭಾರಕ್ಕೆ ಅದು ಒಟ್ಟು 30 ಮಿ.ಮೀ. ಕುಗ್ಗಬೇಕು. ಬಳೆಯಿಂದ ಮೊದಲೇ 10 ಮಿ.ಮೀ. ಅದುಮಿದ್ದರೆ ಭಾರ ಬಿದ್ದಾಗ ಇಳಿಯುವುದು 20 ಮಿ.ಮೀ. ಮಾತ್ರ. 15 ಮಿ.ಮೀ. ಅದುಮಿದ್ದರೆ ಇಳಿಯುವುದು 15 ಮಿ.ಮೀ. ಈಗ ಇನ್ನೂ 100 ನ್ಯೂಟನ್ ಸೇರಿಸಿ. ಎರಡೂ ಸಂದರ್ಭಗಳಲ್ಲಿ ಮತ್ತೆ ಇಳಿಯುವುದು 5 ಮಿ.ಮೀ. ಸ್ಪ್ರಿಂಗಿನ ಗಡಸುತನ ಇದ್ದಷ್ಟೇ ಇದೆ. ಬದಲಾದದ್ದು ಗಾಡಿ ನಿಲ್ಲುವ ಎತ್ತರ ಮಾತ್ರ.

ವಾರವಿಡೀ ಒಬ್ಬರೇ ಓಡಿಸಿ, ಭಾನುವಾರ ಹಿಂದೆ ಒಬ್ಬರನ್ನು ಕೂರಿಸಿಕೊಂಡು ಚೀಲವನ್ನೂ ಏರಿಸಿಕೊಂಡು ಊರಿಗೆ ಹೊರಡುವವರಿಗೆ ಇದು ಮುಖ್ಯ. ಭಾರ ಹೆಚ್ಚಿದಾಗ ಗಾಡಿಯ ಹಿಂಭಾಗ ತೀರ ಕೆಳಗಿಳಿದು, ಗುಂಡಿ ಬಂದಾಗ ಕುಗ್ಗಲು ಜಾಗವೇ ಉಳಿಯುವುದಿಲ್ಲ. ಹೆಡ್‌ಲೈಟಿನ ಬೆಳಕು ಎದುರಿನವರ ಕಣ್ಣಿಗೆ ಹೊಡೆಯುತ್ತದೆ. ಬಳೆಯನ್ನು ತಿರುಗಿಸಿ ಕಳೆದುಹೋದ ಎತ್ತರವನ್ನು ಮರಳಿ ಪಡೆಯಬಹುದು. ಅದೇ ಬಿಗಿಯಲ್ಲಿ ಒಬ್ಬರೇ ಓಡಿಸಿದರೆ ಗಾಡಿ ತೀರ ಎತ್ತರದಲ್ಲಿ ನಿಲ್ಲುತ್ತದೆ. ಆಗ ಗುಂಡಿ ಸಿಕ್ಕರೆ ಚಕ್ರ ಕೆಳಗಿಳಿದು ಅದನ್ನು ಹಿಂಬಾಲಿಸಲಾರದು, ನೆಲದ ಹಿಡಿತ ತಪ್ಪುತ್ತದೆ.

ಅಳೆದು ನೋಡಿ

ಬೇಕಾಗುವುದು ಒಂದು ಟೇಪು, ಕಾಗದ, ಪೆನ್ಸಿಲ್ಲು, ಇಬ್ಬರು ಸಹಾಯಕರು. ಸಮತಟ್ಟಾದ ಗಟ್ಟಿ ನೆಲವಿರಲಿ. ಎಂಜಿನ್ ಆರಿಸಿ ಕೀಲಿ ತೆಗೆದಿಡಿ. ಎಂಜಿನ್ ಓಡುತ್ತಿರುವಾಗ ಎತ್ತಿದ ಹಿಂಚಕ್ರದ ಬಳಿ, ಚೈನಿನ ಬಳಿ ಕೈ ಹಾಕಬಾರದು. ಬೆರಳು ಹೋಗುವುದು ಕ್ಷಣದ ಕೆಲಸ.

ಮೊದಲನೆಯದಾಗಿ ಡಬಲ್ ಸ್ಟ್ಯಾಂಡ್ ಹಾಕಿ. ಕೆಲವು ಗಾಡಿಗಳಲ್ಲಿ ಮುಂಚಕ್ರ ಎದ್ದು ಹಿಂಚಕ್ರ ನೆಲ ಮುಟ್ಟಿರುತ್ತದೆ. ಆಗ ಒಬ್ಬರು ಮುಂಭಾಗವನ್ನು ಮೆಲ್ಲನೆ ಒತ್ತಿ ಹಿಡಿಯಲಿ. ಹಿಂಚಕ್ರದ ಅಚ್ಚಿನಿಂದ ನೇರ ಮೇಲೆ ಸೀಟಿನ ಬಳಿ ಗುರುತು ಹಾಕಿ ದೂರ ಅಳೆಯಿರಿ. ಇದೇ ಸೊನ್ನೆಯ ಅಳತೆ. ಎರಡನೆಯದಾಗಿ ಸ್ಟ್ಯಾಂಡ್ ತೆಗೆದು ಗಾಡಿಯನ್ನು ನೆಟ್ಟಗೆ ಹಿಡಿದು ಅಳೆಯಿರಿ. ಮೂರನೆಯದಾಗಿ ಸವಾರ ಕುಳಿತು ಕಾಲನ್ನು ಫುಟ್‌ರೆಸ್ಟಿನ ಮೇಲಿಟ್ಟಾಗ, ಒಬ್ಬರು ಮುಂದಿನಿಂದ ಗಾಡಿಯನ್ನು ಹಿಡಿದಿರಲು, ಇನ್ನೊಬ್ಬರು ಅಳೆಯಲಿ. ಷಾಕ್‌ನ ಒಳಗೆ ಘರ್ಷಣೆ ಇರುವುದರಿಂದ ಒಮ್ಮೆ ಗಾಡಿಯನ್ನು ಒತ್ತಿ ಮೆಲ್ಲನೆ ಬಿಟ್ಟು, ಇನ್ನೊಮ್ಮೆ ಎತ್ತಿ ಮೆಲ್ಲನೆ ಬಿಟ್ಟು, ಎರಡರ ಸರಾಸರಿ ತೆಗೆದುಕೊಳ್ಳಿ.

ಮೊದಲನೆಯ ಅಳತೆ 560 ಮಿ.ಮೀ., ಮೂರನೆಯದು 530 ಮಿ.ಮೀ. ಬಂತೆನ್ನಿ. ಇಳಿತ 30 ಮಿ.ಮೀ. ಮೆಕ್ಯಾನಿಕ್‌ಗಳು ಇದನ್ನು ‘ಸ್ಯಾಗ್’ ಎನ್ನುತ್ತಾರೆ. ರಸ್ತೆ ಬೈಕುಗಳಲ್ಲಿ ಇದು ಚಕ್ರದ ಒಟ್ಟು ಚಲನೆಯ ಕಾಲು ಭಾಗದಿಂದ ಮೂರನೇ ಒಂದು ಭಾಗದೊಳಗೆ ಇರುವುದು ಸಾಮಾನ್ಯವಾಗಿ ಒಳ್ಳೆಯದು. ಹೆಚ್ಚಿದ್ದರೆ ಬಳೆಯನ್ನು ಒಂದು ಮೆಟ್ಟಿಲು ಬಿಗಿ ಮಾಡಿ, ಕಡಿಮೆಯಿದ್ದರೆ ಸಡಿಲಿಸಿ. ಎರಡು ಷಾಕ್ ಇದ್ದರೆ ಎರಡೂ ಒಂದೇ ಮೆಟ್ಟಿಲಲ್ಲಿರಬೇಕು. ಮತ್ತೆ ಅಳೆಯಿರಿ.

ಡಬಲ್ ಸ್ಟ್ಯಾಂಡ್ ಇಲ್ಲದ ಬೈಕುಗಳ ಹಿಂಚಕ್ರ ಎತ್ತಲು ಗ್ಯಾರೇಜುಗಳಲ್ಲಿ ಪ್ಯಾಡಕ್ ಸ್ಟ್ಯಾಂಡ್ ಬಳಸುತ್ತಾರೆ. ಅದು ಸಾಮಾನ್ಯವಾಗಿ ಎತ್ತುವುದು ತೂಗಾಡುವ ತೋಳನ್ನು. ಮೊದಲೇ ನೆನಪಿಡೋಣ ಎಂದದ್ದು ಇದಕ್ಕೇ. ಚಕ್ರ ನೆಲ ಬಿಟ್ಟಿದ್ದರೂ ಗಾಡಿಯ ಭಾರ ಸ್ಪ್ರಿಂಗಿನ ಮೇಲೆಯೇ ಇರುತ್ತದೆ. ಚೈನಿಗೆ ಎಣ್ಣೆ ಹಾಕಲು, ಚಕ್ರ ತೊಳೆಯಲು ಅದು ಸಾಕು. ಅಲ್ಲಿ ಅಳೆದ ‘ಸೊನ್ನೆ’ ಮಾತ್ರ ಸೊನ್ನೆಯಲ್ಲ. ಅಂಥ ಬೈಕಿನಲ್ಲಿ ಇಬ್ಬರು ಹಿಂದಿನ ಹಿಡಿಯನ್ನು ಹಿಡಿದು, ಚಕ್ರ ನೆಲ ಬಿಡುವಷ್ಟು ಮಾತ್ರ ಎತ್ತಲಿ; ಮೂರನೆಯವರು ಹ್ಯಾಂಡಲ್ ಹಿಡಿದಿರಲಿ, ನಾಲ್ಕನೆಯವರು ಅಳೆಯಲಿ. ಎಂಜಿನ್ನಿನ ಕೆಳಗೆ ಇಟ್ಟಿಗೆ ಪೇರಿಸುವ, ಸೈಡ್ ಸ್ಟ್ಯಾಂಡಿನ ಮೇಲೆ ಗಾಡಿಯನ್ನು ವಾಲಿಸಿ ಚಕ್ರ ಎತ್ತುವ ಸಾಹಸ ಬೇಡ. ಷಾಕ್ ಅಬ್ಸಾರ್ಬರನ್ನು ಬಿಚ್ಚುವ ಕೆಲಸವನ್ನೂ ಗ್ಯಾರೇಜಿಗೇ ಬಿಡಿ.

ಶಿಕ್ಷಕರು ಇದನ್ನೊಂದು ಪ್ರಯೋಗವಾಗಿ ಮಾಡಿಸಬಹುದು. ಶಾಲೆಗೆ ಬರುವ ಒಂದು ಬೈಕಿನ ಮೇಲೆ ಬೇರೆ ಬೇರೆ ತೂಕದವರನ್ನು ಕೂರಿಸಿ, ತೂಕ ಮತ್ತು ಇಳಿತದ ನಕ್ಷೆ ಎಳೆಯಲಿ. ಬಳೆಯನ್ನು ಎರಡು ಮೆಟ್ಟಿಲು ಬಿಗಿ ಮಾಡಿ ಮತ್ತೆ ಎಳೆಯಲಿ. ಎರಡು ರೇಖೆಗಳೂ ಹೆಚ್ಚುಕಡಿಮೆ ಸಮಾಂತರವಾಗಿ ಬಂದರೆ ಬಳೆ ಏನು ಮಾಡುತ್ತದೆ, ಏನು ಮಾಡುವುದಿಲ್ಲ ಎಂಬುದು ಯಾರೂ ಹೇಳದೆಯೇ ತಿಳಿಯುತ್ತದೆ. ಮುಂದಿನ ಭಾನುವಾರ ಡಬಲ್ ಸ್ಟ್ಯಾಂಡ್ ಹಾಕಿ ಗಾಡಿ ತೊಳೆಯಲು ನೀರು ಸುರಿಯುವ ಮೊದಲು, ಆ ಒಂದು ಅಳತೆಯನ್ನು ಬರೆದಿಟ್ಟುಕೊಳ್ಳಿ.